ಹಲವು ಕರ್ತೃಗಳು, ಒಂದು ಪಾಠ: ಪ್ರಾಚೀನ ಹವಾಮಾನ ಕುರಿತ ವರದಿಯೊಂದರ ರಚನೆ

ಜನಪದ ಕಾವ್ಯಕ್ಕೆ ಕರ್ತೃಗಳು ಹಲವರು. ಹೆಸರು ಮಾತ್ರ ಯಾರದೂ ಉಳಿಯುವುದಿಲ್ಲ. ಒಬ್ಬ ಕಲಾವಿದ ಹಾಡಿದ್ದನ್ನು ಮತ್ತೊಬ್ಬ ಬದಲಿಸಿ ಹಾಡಿದರೆ ಅದು ಪಾಠಾಂತರವೆನಿಸುತ್ತದೆ, ಎರಡಕ್ಕೂ ಮಾನ್ಯತೆಯುಂಟು. ವಿಜ್ಞಾನದ ವರದಿಗೆ ಈ ಅವಕಾಶವಿಲ್ಲ. ಅಲ್ಲಿ ಕರ್ತೃಗಳೆಲ್ಲರ ಹೆಸರೂ ದಾಖಲಾಗುತ್ತದೆ. ಪಾಠ ಮಾತ್ರ ಒಂದೇ ಆಗಿರಬೇಕಾಗುತ್ತದೆ. ಭಿನ್ನಾಭಿಪ್ರಾಯವುಳ್ಳ ಅನೇಕ ವಿದ್ವಾಂಸರು ಒಂದೇ ಪಾಠಕ್ಕೆ ಹೊಣೆಯಾಗುವ ಬಗೆಯನ್ನು ತಿಳಿಯಲು, ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯು (ಐಪಿಸಿಸಿ) 2007ರಲ್ಲಿ ಪ್ರಕಟಿಸಿದ ನಾಲ್ಕನೆಯ ವರದಿಯ ಆರನೆಯ ಅಧ್ಯಾಯ ಉತ್ತಮ ನಿದರ್ಶನವಾಗಿದೆ. ಪ್ರಾಚೀನ ಹವಾಮಾನಕ್ಕೆಂದೇ ಪ್ರತ್ಯೇಕ ಅಧ್ಯಾಯ ಮೀಸಲಾದದ್ದು ಆ ವರದಿಯಲ್ಲಿಯೇ ಮೊದಲು.

ನಾರ್ವೆಯ ಐಸ್ಟೈನ್ ಯಾನ್ಸೆನ್ ಹಾಗೂ ಅಮೆರಿಕದ ಜೊನಾಥನ್ ಓವರ್‌ಪೆಕ್ ಇದರ ಸಮನ್ವಯ ಕರ್ತೃಗಳು. ಅವರೊಂದಿಗೆ 14 ಮಂದಿ ಪ್ರಧಾನ ಕರ್ತೃಗಳಿದ್ದರು. ಇವರ ಆಕರಗಳು ಒಂದೇ ಬಗೆಯವಲ್ಲ. ಕೀತ್ ಬ್ರಿಫಾ ಮರದ ವಾರ್ಷಿಕ ಉಂಗುರಗಳನ್ನು, ಡೊಮಿನಿಕ್ ರೇನೊ ಧ್ರುವದ ಹಿಮದಲ್ಲಿ ಸೆರೆಯಾದ ಗಾಳಿಯನ್ನು, ಝಾಂಗ್ ದೆ-ಅರ್ ಚೀನಾದ ಚಾರಿತ್ರಿಕ ದಾಖಲೆಗಳನ್ನು ಅಭ್ಯಸಿಸಿದವರು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಅವರೂ ಈ ಬಳಗದಲ್ಲಿದ್ದರು. ಉತ್ತರ ಕನ್ನಡದ ಅಕಳಗವಿ ಗುಹೆಯ ಸುಣ್ಣದ ಶಿಲಾರಚನೆಯಿಂದ 331 ವರ್ಷಗಳ ಮುಂಗಾರಿನ ಏರಿಳಿತವನ್ನು ಗುರುತಿಸಿ, 2004ರಲ್ಲಿ ಪ್ರಕಟಿಸಿದ ಸಂಶೋಧಕರಲ್ಲಿ ಅವರೂ ಒಬ್ಬರೆಂಬುದು ಕನ್ನಡಿಗರಿಗೆ ಗಮನಾರ್ಹ.

ಉಂಗುರವು ವರ್ಷವರ್ಷದ ಲೆಕ್ಕ ಕೊಡುತ್ತದೆ; ಆದರೆ ಅದರ ವ್ಯಾಪ್ತಿ ಕಿರಿದು. ಹಿಮವು, ಆ ವರದಿಯ ಕಾಲಕ್ಕೆ, 6,50,000 ವರ್ಷಗಳಷ್ಟು ಹಿಂದಕ್ಕೆ ಒಯ್ಯುತ್ತಿತ್ತು. ಆದರೆ ಅಲ್ಲಿ ವರ್ಷಗಳ ಗಡಿ ಮಸುಕಾಗುತ್ತದೆ. ಇಂತಹ ಅಸಮ ಸಾಕ್ಷ್ಯಗಳನ್ನು ಒಗ್ಗೂಡಿಸುವಾಗ ಸಮನ್ವಯಕಾರರ ಕೆಲಸ ಶೈಲಿಯನ್ನು ತಿದ್ದುವುದಷ್ಟೇ ಅಲ್ಲ. ಪ್ರತಿ ಹೇಳಿಕೆಯ ಖಚಿತತೆ ಎಷ್ಟೆಂದು ನಿಷ್ಕರ್ಷಿಸುವುದೇ ಅದರ ತಿರುಳು.

ಇದಕ್ಕೆ ಕಾರಣವೂ ಇತ್ತು. 2001ರ ವರದಿಯು ಉತ್ತರ ಗೋಳಾರ್ಧದ ಸಾವಿರ ವರ್ಷಗಳ ತಾಪಮಾನವನ್ನು ಪ್ರಮುಖವಾಗಿ ಒಂದೇ ರೇಖೆಯ ಮೂಲಕ ತೋರಿಸಿತ್ತು. ಆ ರೇಖೆ ತೀವ್ರ ವಿವಾದಕ್ಕೆ ಒಳಗಾಯಿತು. 2007ರ ಅಧ್ಯಾಯವು ಬೇರೆ ಬೇರೆ ತಂಡಗಳ ಹಲವು ರೇಖೆಗಳನ್ನು ಒಂದೇ ಚಿತ್ರದಲ್ಲಿ ಇರಿಸಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ತಾಪಮಾನವು ಕಳೆದ 500 ವರ್ಷಗಳ ಯಾವುದೇ ಐವತ್ತು ವರ್ಷಗಳಿಗಿಂತ ಅಧಿಕವೆಂಬುದು ‘ಬಹುಮಟ್ಟಿಗೆ ಸಂಭವನೀಯ’, ಅಂದರೆ ಶೇ. 90ಕ್ಕೂ ಮಿಗಿಲು, 1,300 ವರ್ಷಗಳಿಗೆ ಅನ್ವಯಿಸಿದರೆ ಕೇವಲ ‘ಸಂಭವನೀಯ’, ಶೇ. 66ಕ್ಕೂ ಮಿಗಿಲು. ಹಿಂದೆ ಹೋದಂತೆ ಸಾಕ್ಷ್ಯ ವಿರಳವಾಗುವುದನ್ನು ಒಂದು ವಿಶೇಷಣದ ಲೋಪವೇ ಸೂಚಿಸುತ್ತದೆ. ಅಧಿಕ ಹೇಳಿದ್ದರೆ ವರದಿಯ ವಿಶ್ವಾಸಾರ್ಹತೆಗೆ ಧಕ್ಕೆ. ಕಡಿಮೆ ಹೇಳಿದ್ದರೆ ಸಾಕ್ಷ್ಯಕ್ಕೆ ಅಪಚಾರ.

ಈ ಅಧ್ಯಾಯವನ್ನೊಳಗೊಂಡ ಸಂಪುಟದ ಕರ್ತೃಗಳು 2004ರಿಂದ 2006ರವರೆಗೆ ಟ್ರಿಯೆಸ್ಟ್, ಬೀಜಿಂಗ್, ಕ್ರೈಸ್ಟ್‌ಚರ್ಚ್ ಮತ್ತು ಬರ್ಗೆನ್‌ಗಳಲ್ಲಿ ಸಭೆ ಸೇರಿದರು. ಇಡೀ ಸಂಪುಟಕ್ಕೆ 30,000ಕ್ಕೂ ಹೆಚ್ಚು ಆಕ್ಷೇಪ, ಸಲಹೆಗಳು ಬಂದವು. ಅವುಗಳಿಗೆ ಕರ್ತೃಗಳು ಸೂಕ್ತ ಉತ್ತರ ನೀಡಿದ್ದಾರೆಯೇ ಎಂದು ನೋಡಲು ಪ್ರತ್ಯೇಕ ಪರಿಶೀಲನಾ ಸಂಪಾದಕರಿದ್ದರು. ಆ ಆಕ್ಷೇಪಗಳೂ ಉತ್ತರಗಳೂ ಇಂದಿಗೂ ಸಾರ್ವಜನಿಕವಾಗಿ ಲಭ್ಯವಿವೆ. ಹೀಗಾಗಿ ಪಾಠ ಒಂದೇ ಆದರೂ ಪಾಠಾಂತರಗಳು ಅಳಿದಿಲ್ಲ; ಅವು ಪಾಠದ ಪಕ್ಕದಲ್ಲಿಯೇ ಉಳಿದಿವೆ.