ಬೆಳಗಿನ ಐದೂವರೆವರೆಗೆ ಮಾತ್ರ ಬರುವ ತಪ್ಪು

ಹಳ್ಳಿಯ ಹಾಲಿನ ಡೈರಿಗೆ ಒಂದು ಆ್ಯಪ್ ಬರೆದಿದ್ದೀರಿ ಅಂದ್ಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ. ಸರ್ವರ್‌ಗೆ ಹಾಕಿದ ವಾರಕ್ಕೆ ಫೋನ್ ಬರುತ್ತೆ: "ಸರ್, ಇವತ್ತು ಬೆಳಿಗ್ಗೆ ಐದಕ್ಕೆ ಆರು ಲೀಟರ್ ಹಾಕಿದೀನಿ, ನಿನ್ನೆ ತಾರೀಖು ತೋರಿಸ್ತಿದೆ." ನೀವು ಏಳಕ್ಕೆ ಎದ್ದು ಪರೀಕ್ಷೆ ಮಾಡಿದ್ರೆ ಯಾವ ತಪ್ಪೂ ಇಲ್ಲ!

ತಕ್ಷಣ ಕೋಡ್‌ಗೆ ಕೈ ಹಾಕಬೇಡಿ. ತಪ್ಪಾದ ನಮೂದುಗಳ ಸಮಯ ನೋಡಿ. 5:29ರದ್ದು ತಪ್ಪು, 5:30ರದ್ದು ಸರಿ. ಗುಟ್ಟು ಇಲ್ಲೇ ಇದೆ. ಭಾರತದ ಗಡಿಯಾರ (ಐಎಸ್‌ಟಿ) ಜಗತ್ತಿನ ಪ್ರಮಾಣಿತ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಇರ್ತವೆ. ನಮಗೆ ಬೆಳಿಗ್ಗೆ ಐದಾದಾಗ ಸರ್ವರ್‌ಗಿನ್ನೂ ಹಿಂದಿನ ರಾತ್ರಿ 11:30.

ಲಿನಕ್ಸ್ ಅಥವಾ ಮ್ಯಾಕ್ ಆದ್ರೆ ಲ್ಯಾಪ್‌ಟಾಪ್, ಸರ್ವರ್ ಎರಡೂ ಕಡೆ ಟರ್ಮಿನಲ್‌ನಲ್ಲಿ 'ಡೇಟ್' ಅಂತ ಟೈಪ್ ಮಾಡಿ. ಒಂದು ಐಎಸ್‌ಟಿ, ಇನ್ನೊಂದು ಯುಟಿಸಿ ಅಂತ ಬಂದ್ರೆ ಅನುಮಾನ ಗಟ್ಟಿಯಾಯ್ತು. ಈಗ ಲ್ಯಾಪ್‌ಟಾಪ್‌ನಲ್ಲೂ 'ಟೀಝಡ್' ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಯುಟಿಸಿ ಕೊಟ್ಟು, ಬೆಳಿಗ್ಗೆ ಐದರ ನಮೂದು ಓಡಿಸಿ. ಅದೇ ತಪ್ಪು ನಿಮ್ಮ ಕಣ್ಣೆದುರೇ ಬರುತ್ತೆ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿದ್ದು ಇಲ್ಲೇ.

ಸರ್ವರ್ ಗಡಿಯಾರ ತಿರುಗಿಸಬೇಡಿ, ಸರ್ವರ್ ಬದಲಾದ ದಿನ ಮತ್ತೆ ಅದೇ ಗೋಳು. ಸಮಯ ಯುಟಿಸಿಯಲ್ಲೇ ಇರಲಿ. ತಾರೀಖು ತೆಗೆಯುವಾಗ ಮಾತ್ರ ಕೋಡ್‌ನಲ್ಲಿ 'ಏಷ್ಯಾ/ಕೋಲ್ಕತಾ' ಅಂತ ಸ್ಪಷ್ಟವಾಗಿ ಹೇಳಿ. ಹಳೇ ನಮೂದುಗಳನ್ನೂ ಇವತ್ತೇ ಸರಿಮಾಡಿ. ರೈತರ ಬಟವಾಡೆ ಲೆಕ್ಕ ಆ ತಾರೀಖಿನ ಮೇಲೇ ನಿಂತಿದೆ.