ಮಾಹಿತಿ ಸಂಗ್ರಾಹಕಗಳ ನಿರ್ವಹಣೆ: ಕಡೂರು, ತರೀಕೆರೆ, ಅಜ್ಜಂಪುರಗಳ ಮಳೆಮಾಪಕಗಳ ನಿದರ್ಶನ

ಗಣಕಯಂತ್ರಗಳ ಜಾಲವೊಂದರ ಸ್ಥಿತಿಗತಿಯನ್ನು ದೂರದಿಂದ ಅರಿಯಬೇಕಾದರೆ ಪ್ರತಿಯೊಂದು ಯಂತ್ರದಲ್ಲಿಯೂ ವರದಿ ಮಾಡುವ ಚಿಕ್ಕ ಪ್ರೋಗ್ರಾಂ ಒಂದನ್ನು ನೆಲೆಗೊಳಿಸುವುದು ವಾಡಿಕೆ. ಮೆಮೊರಿ ಎಷ್ಟು ತುಂಬಿದೆ, ಡಿಸ್ಕಿನಲ್ಲಿ ಎಷ್ಟು ಸ್ಥಳ ಉಳಿದಿದೆ, ಎಷ್ಟು ಸಂದೇಶಗಳು ಹಾದುಹೋದುವು ಎಂಬುದನ್ನು ಅದು ಎಣಿಸಿ ಕೇಂದ್ರಕ್ಕೆ ಒಪ್ಪಿಸುತ್ತದೆ. 1988ರಲ್ಲಿ ಮೊದಲು ಪ್ರಕಟವಾದ ಎಸ್.ಎನ್.ಎಂ.ಪಿ. ಎಂಬ ಜಾಲನಿರ್ವಹಣಾ ನಿಯಮಾವಳಿಯಲ್ಲಿ ಇದಕ್ಕೆ ಏಜೆಂಟ್ ಎಂದು ಹೆಸರು. ನಾವು ಇಲ್ಲಿ ಸಂಗ್ರಾಹಕವೆಂದು ಕರೆಯೋಣ. ಒಂದು ಸಂಗ್ರಾಹಕವನ್ನು ನೆಲೆಗೊಳಿಸುವುದು ಸುಲಭ. ಸಾವಿರಾರು ಸಂಗ್ರಾಹಕಗಳನ್ನು ವರ್ಷಾನುಗಟ್ಟಲೆ ನಂಬಿಕೆಗೆ ಅರ್ಹವಾಗಿ ಉಳಿಸಿಕೊಳ್ಳುವುದು ಕಷ್ಟ.

ಈ ಕಷ್ಟದ ಸ್ವರೂಪವನ್ನು ತಿಳಿಯಲು ನಗರದ ಗಣಕಕೇಂದ್ರಕ್ಕೇ ಹೋಗಬೇಕಾಗಿಲ್ಲ. ಅದೇ 1988ರಲ್ಲಿ ಕರ್ನಾಟಕ ಸರ್ಕಾರವು ಬರ ಉಸ್ತುವಾರಿ ಘಟಕವನ್ನು ಸ್ಥಾಪಿಸಿತು. ಇಂದು ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಇರುವುದು ಬೆಂಗಳೂರಿನ ಯಲಹಂಕದಲ್ಲಿ. ಗ್ರಾಮ ಪಂಚಾಯತಿಗೊಂದರಂತೆ ಈ ಕೇಂದ್ರವು ನೆಲೆಗೊಳಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ರಾಜ್ಯದಲ್ಲಿ 6,000ಕ್ಕೂ ಮಿಕ್ಕಿವೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಮಾಪಕಗಳೂ ಇವುಗಳಲ್ಲಿ ಸೇರಿವೆ. ಸೌರಶಕ್ತಿಯಿಂದ ನಡೆಯುವ ಈ ಉಪಕರಣಗಳು 15 ನಿಮಿಷಗಳಿಗೊಮ್ಮೆ ಮೊಬೈಲ್ ಜಾಲದ ಮೂಲಕ ವರದಿಯನ್ನು ಕಳುಹಿಸುತ್ತವೆ. ಅಂದರೆ ಒಂದು ಮಾಪಕದಿಂದ ದಿನಕ್ಕೆ 96 ವರದಿಗಳು. 6,000 ಮಾಪಕಗಳಿಂದ 5,76,000. ಇವು ಅಳೆಯುವುದು ಮಳೆಯನ್ನೇ ಆದರೂ ಇವುಗಳ ನಿರ್ವಹಣೆಯ ಪ್ರಶ್ನೆಗಳು ಗಣಕಜಾಲದ ಸಂಗ್ರಾಹಕಗಳ ಪ್ರಶ್ನೆಗಳೇ ಆಗಿವೆ.

ಈ ಅಂಕಿಗಳ ಮೇಲೆ ಜನರ ಜೀವನ ನಿಂತಿದೆ. 2016ರ ಕೇಂದ್ರ ಸರ್ಕಾರದ ಬರ ನಿರ್ವಹಣಾ ಕೈಪಿಡಿಯ ಪ್ರಕಾರ, ಮುಂಗಾರಿನಲ್ಲಿ ಸತತವಾಗಿ ಮೂರು ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಶುಷ್ಕಾವಧಿ. ಬರ ಘೋಷಣೆಗೆ ಪರಿಗಣಿಸುವ ಲಕ್ಷಣಗಳಲ್ಲಿ ಇದೂ ಒಂದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಅಡಿಕೆಯಂತಹ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿಯಾದರೋ ಪರಿಹಾರದ ಲೆಕ್ಕವೇ ಮಾಪಕದ ಅಂಕಿಯನ್ನು ಅವಲಂಬಿಸಿದೆ.

ಹೀಗಿರಲು, ನಿರ್ವಹಣೆಯ ಮೊದಲನೆಯ ತತ್ತ್ವವೆಂದರೆ ಮೌನವನ್ನು ಶೂನ್ಯವೆಂದು ಬರೆಯದಿರುವುದು. ಮಳೆ ಬಾರದಿದ್ದರೂ ಮಾಪಕವು ‘ಶೂನ್ಯ’ವೆಂದು ವರದಿ ಮಾಡಲೇಬೇಕು, ಆಗ ಮಾತ್ರ ವರದಿಯೇ ಬಾರದ ಹೊತ್ತನ್ನು ಬೇರ್ಪಡಿಸಲು ಸಾಧ್ಯ. ಬ್ಯಾಟರಿ ಸೋತು ಒಂದು ವಾರ ಸುಮ್ಮನಿದ್ದ ಮಾಪಕದ ಖಾಲಿ ಅಂಕಣಗಳಲ್ಲಿ ಸೊನ್ನೆ ತುಂಬಿದರೆ ಕಾಗದದ ಮೇಲೆ ಇಲ್ಲದ ಬರ ಹುಟ್ಟುತ್ತದೆ. ನಿಜವಾದ ಒಣವಾರವನ್ನು ‘ಮಾಹಿತಿ ಇಲ್ಲ’ವೆಂದು ತಳ್ಳಿಹಾಕಿದರೆ ಇರುವ ಬರ ಮರೆಯಾಗುತ್ತದೆ.

ಎರಡನೆಯದು, ಕಳೆದುಹೋದ ವರದಿಯ ಪ್ರಶ್ನೆ. ಸಂಗ್ರಾಹಕವು ಪ್ರತಿ ಅವಧಿಯ ಏರಿಕೆಯನ್ನಷ್ಟೇ ಹೇಳುವುದಕ್ಕಿಂತ ಆವರೆಗಿನ ಒಟ್ಟು ಮೊತ್ತವನ್ನು ಹೇಳುವುದು ಲೇಸು. ಉದಾಹರಣೆಗೆ, ಮಧ್ಯಾಹ್ನ 3 ಗಂಟೆಗೆ ಮೊತ್ತ 12 ಮಿಲಿಮೀಟರ್ ಇದ್ದು, ಮುಂದಿನ ಎರಡು ವರದಿಗಳು ತಲುಪದೆ, 3-45ಕ್ಕೆ 31 ಮಿಲಿಮೀಟರ್ ಎಂದು ಬಂದಿತೆನ್ನೋಣ. ನಡುವಣ 45 ನಿಮಿಷಗಳಲ್ಲಿ 19 ಮಿಲಿಮೀಟರ್ ಬಿದ್ದಿತೆಂಬುದು ಉಳಿಯುತ್ತದೆ. ಅದರ ಹಂಚಿಕೆ ಮಾತ್ರ ತಿಳಿಯದು. ಎಸ್.ಎನ್.ಎಂ.ಪಿ.ಯ ಎಣಿಕೆಗಳೂ ಇದೇ ಕ್ರಮದವು. ಆದರೆ ಉಪಕರಣವು ನಿಂತು ಮತ್ತೆ ಆರಂಭವಾದಾಗ ಮೊತ್ತ ಸೊನ್ನೆಗೆ ಇಳಿಯಬಹುದು. ಅದನ್ನು ಪುನರಾರಂಭವೆಂದು ಗುರುತಿಸದ ಕೇಂದ್ರವು ಋಣಾತ್ಮಕ ಮಳೆಯನ್ನು ಲೆಕ್ಕಹಾಕೀತು!

ಮೂರನೆಯದಾಗಿ, ವರದಿ ತಪ್ಪದೆ ಬರುತ್ತಿದ್ದರೂ ಅದು ಸುಳ್ಳಾಗಿರಬಹುದು. ಮಾಪಕದ ಆಲಿಕೆಯಲ್ಲಿ ಎಲೆ ಕಟ್ಟಿಕೊಂಡರೆ ಸುರಿಯುವ ಮಳೆಯಲ್ಲಿಯೂ ‘ಶೂನ್ಯ’ವೆಂಬ ವರದಿಯೇ ಬರುತ್ತದೆ. ಇದಕ್ಕೆ ಪರಿಹಾರ ನೆರೆಯ ಮಾಪಕಗಳೊಡನೆ ಹೋಲಿಕೆ. ಆದರೆ ನೆರೆ ಎಂಬುದನ್ನು ಕೇವಲ ದೂರದಿಂದ ನಿರ್ಣಯಿಸಲಾಗದು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಬೆಟ್ಟದ ಮೇಲೆ ಜಡಿಮಳೆ ಹಿಡಿದಿರುವಾಗ ಕಡೂರಿನ ಬಯಲು ಒಣಗಿರುವುದು ಸಹಜ. ಬಯಲನ್ನು ಬಯಲಿನೊಡನೆ, ಬೆಟ್ಟವನ್ನು ಬೆಟ್ಟದೊಡನೆ ಹೋಲಿಸಬೇಕು. ಗಣಕಜಾಲದಲ್ಲಿಯೂ ಅಷ್ಟೆ: ಭೂದಾಖಲೆಗಳನ್ನು ಕಾಯ್ದಿಡುವ ಯಂತ್ರದ ಹೊರೆಯನ್ನು ಗುಮಾಸ್ತರ ಮೇಜಿನ ಯಂತ್ರದ ಹೊರೆಯೊಡನೆ ಹೋಲಿಸಿ ತಪ್ಪು ಹುಡುಕಲಾಗದು.

ನಾಲ್ಕನೆಯದು ಗುರುತಿನ ವಿಷಯ. ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು. 2017ರಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಮಾಪಕವು ನಿಂತ ನೆಲ ಬದಲಾಗಲಿಲ್ಲ, ಅದರ ವಿಳಾಸ ಬದಲಾಯಿತು. ಊರು, ತಾಲ್ಲೂಕುಗಳ ಹೆಸರನ್ನೇ ಗುರುತಾಗಿ ಬಳಸಿದಲ್ಲಿ ಹಳೆಯ ದಾಖಲೆ ಒಂದೆಡೆ, ಹೊಸದು ಇನ್ನೊಂದೆಡೆ ಹರಿದುಹೋಗುತ್ತದೆ. ಆದುದರಿಂದ ಪ್ರತಿ ಸಂಗ್ರಾಹಕಕ್ಕೂ ಎಂದೆಂದೂ ಬದಲಾಗದ ಸಂಖ್ಯೆಯೊಂದಿರಬೇಕು. ಹೆಸರು, ಸ್ಥಳ, ದುರಸ್ತಿಯ ದಿನಾಂಕ ಮುಂತಾದುವನ್ನು ಅದರೊಡನೆ ಬೇರೆಯಾಗಿ ಬರೆದಿಡಬೇಕು.

ಕೊನೆಯದಾಗಿ, ಬದಲಾವಣೆಯ ವಿವೇಕ. ಸಂಗ್ರಾಹಕಗಳ ಪ್ರೋಗ್ರಾಂನ ಹೊಸ ಆವೃತ್ತಿಯನ್ನು ಒಂದೇ ದಿನ ಎಲ್ಲ ಕಡೆಗೂ ಕಳುಹಿಸಿದರೆ, ಅದರಲ್ಲಿರುವ ಒಂದು ದೋಷವು ಇಡೀ ಜಾಲವನ್ನು ಒಮ್ಮೆಗೇ ಮೂಕವಾಗಿಸಬಲ್ಲದು. ಮೊದಲು ಕೆಲವಕ್ಕೆ ಕಳುಹಿಸಿ, ಕೆಲದಿನ ಗಮನಿಸಿ, ಅನಂತರ ಉಳಿದುವಕ್ಕೆ ವಿಸ್ತರಿಸುವುದು ಉಚಿತ.

ಮೇಲಿನ ವಿವೇಚನೆಯ ತಾತ್ಪರ್ಯವಿಷ್ಟೆ. ಸಂಗ್ರಾಹಕಗಳು ಏನನ್ನು ವರದಿ ಮಾಡುತ್ತವೆ ಎಂಬುದರಷ್ಟೇ ಶ್ರದ್ಧೆಯಿಂದ ಅವು ವರದಿ ಮಾಡಲು ಶಕ್ತವಾಗಿವೆಯೇ ಎಂಬುದನ್ನೂ ನೋಡಬೇಕು. ನಮ್ಮ ವಿದ್ಯಾರ್ಥಿಗಳು ಯಾವುದೇ ಕೋಷ್ಟಕದಲ್ಲಿ ಸೊನ್ನೆಯನ್ನು ಕಂಡಾಗ, ಅದು ಅಳೆದು ಬರೆದ ಸೊನ್ನೆಯೋ ಅಳೆಯದೆ ತುಂಬಿದ ಸೊನ್ನೆಯೋ ಎಂದು ಮೊದಲು ವಿಚಾರಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಲೆಂದು ನಾವು ಆಶಿಸುತ್ತೇವೆ.