ಊರು ಬಿಟ್ಟವರು ಊರಿಗಾಗಿ ಕಟ್ಟಿದ ತಂಡ

2017ರ ಅಕ್ಟೋಬರ್ 29ರಂದು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಲೆಬನಾನ್ ತಂಡ ಫ್ರಾನ್ಸನ್ನು 29-18ರಿಂದ ಸೋಲಿಸಿತು. ರಗ್ಬಿ ಲೀಗ್ ವಿಶ್ವಕಪ್‌ನಲ್ಲಿ ಲೆಬನಾನಿನ ಮೊಟ್ಟಮೊದಲ ಗೆಲುವು ಅದು. ಎದುರಾಳಿಯೂ ಸಾಮಾನ್ಯ ದೇಶವಲ್ಲ. 1943ರಲ್ಲಿ ಸ್ವಾತಂತ್ರ್ಯ ಸಿಗುವವರೆಗೆ ಲೆಬನಾನಿನ ಮೇಲೆ ಅಧಿಕಾರ ನಡೆಸಿದ್ದು ಇದೇ ಫ್ರಾನ್ಸ್.

ಇದರಲ್ಲೊಂದು ವಿಚಿತ್ರವಿದೆ. ಅಂದು ಎದೆಯ ಮೇಲೆ ದೇವದಾರು ಮರದ ಚಿತ್ರ ಹೊತ್ತು ಆಡಿದ ಹುಡುಗರಲ್ಲಿ ಬಹುತೇಕರು ಹುಟ್ಟಿದ್ದು, ಬೆಳೆದದ್ದು, ಆಟ ಕಲಿತದ್ದು ಲೆಬನಾನಿನಲ್ಲಿ ಅಲ್ಲ, ಸಿಡ್ನಿಯಲ್ಲಿ. ಕೆಲವರಿಗೆ ಅದು ಅಪ್ಪನ ದೇಶ, ಕೆಲವರಿಗೆ ಅಜ್ಜಿಯ ದೇಶ. ಹಾಗಾದರೆ ಆ ತಂಡ ಯಾವ ಊರಿನದು? ಮುಂಬೈ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಪ್ರಶ್ನೆ ಅಷ್ಟೇನೂ ದೂರದ್ದಲ್ಲ.

ಮೊದಲು ಆಟದ ಬಗ್ಗೆ

ರಗ್ಬಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದೇ ಆಟ. ವಾಸ್ತವದಲ್ಲಿ ಎರಡಿವೆ. 1895ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಮೂಲ ರಗ್ಬಿ ಸಂಸ್ಥೆಯಿಂದ ಹೊರಬಂದವು. ಕಾರಣ ದುಡ್ಡು. ಗಣಿ, ಗಿರಣಿಗಳಲ್ಲಿ ದುಡಿಯುವವರು ಆಟಕ್ಕಾಗಿ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕೆಂದು ಉತ್ತರದವರು ಕೇಳಿದರು. ದುಡ್ಡು ಕೊಟ್ಟರೆ ಆಟದ ಮರ್ಯಾದೆ ಹೋಗುತ್ತದೆ ಎಂದು ದಕ್ಷಿಣದ ಸ್ಥಿತಿವಂತರು ಒಪ್ಪಲಿಲ್ಲ. ಹೀಗೆ ಕೂಲಿಯ ಜಗಳದಿಂದ ಹುಟ್ಟಿದ್ದು ರಗ್ಬಿ ಲೀಗ್.

ನಿಯಮಗಳೂ ಕ್ರಮೇಣ ಬೇರೆಯಾದವು. ಯೂನಿಯನ್ ರಗ್ಬಿಯಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕೆಡವಿದರೆ ಅದು ಒಂದು ಟ್ಯಾಕಲ್. ಒಂದು ಸರದಿಗೆ ಆರು ಟ್ಯಾಕಲ್, ಆಮೇಲೆ ಚೆಂಡು ಎದುರಾಳಿಗೆ. ಓವರಿಗೆ ಆರು ಎಸೆತ ಎಂದು ಲೆಕ್ಕ ಹಾಕಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಮೈಮೇಲೆ ಬಿದ್ದು ಹಿಡಿಯುವುದನ್ನಂತೂ ಕಬಡ್ಡಿ ಕಂಡವರಿಗೆ ವಿವರಿಸಬೇಕಿಲ್ಲ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’, ನಾಲ್ಕು ಅಂಕ. ನಂತರ ಗೋಲ್ ಕಂಬಗಳ ನಡುವೆ ಒದ್ದರೆ ಇನ್ನೆರಡು.

ಈ ಆಟ 1908ರಲ್ಲಿ ಸಿಡ್ನಿಗೆ ಬಂತು, ಅಲ್ಲಿಯೇ ಬೇರೂರಿತು. ನಾನು ಕೆಲಸ ಮಾಡುವ ಪ್ರಾಜೆಕ್ಟಿನ ಅರ್ಧ ತಂಡ ಸಿಡ್ನಿಯಲ್ಲಿದೆ. ಸೋಮವಾರದ ಕಾಲ್‌ನಲ್ಲಿ ಮೊದಲ ಐದು ನಿಮಿಷ ಕೆಲಸದ ಮಾತೇ ಇರುವುದಿಲ್ಲ, ಎಲ್ಲವೂ ‘ಫುಟಿ’. ಅಲ್ಲಿ ಫುಟಿ ಎಂದರೆ ಇದೇ ರಗ್ಬಿ ಲೀಗ್.

ಬೆಲ್ಮೋರಿನ ಹುಡುಗರು

ಲೆಬನಾನಿನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಆರಂಭವಾಗಿತ್ತು. ಆದರೆ ದೊಡ್ಡ ಅಲೆ ಎದ್ದದ್ದು 1975ರಲ್ಲಿ ಅಂತರ್ಯುದ್ಧ ಶುರುವಾದ ಮೇಲೆ. ಹದಿನೈದು ವರ್ಷ, 1990ರವರೆಗೆ, ಆ ಪುಟ್ಟ ದೇಶ ಉರಿಯಿತು. ಸಾವಿರಾರು ಕುಟುಂಬಗಳು ಸಿಡ್ನಿಯ ಪಶ್ಚಿಮ ಭಾಗದ ಲಕೆಂಬಾ, ಪಂಚ್‌ಬೌಲ್, ಬ್ಯಾಂಕ್ಸ್‌ಟೌನ್, ಬೆಲ್ಮೋರ್ ಬಡಾವಣೆಗಳಲ್ಲಿ ನೆಲೆಸಿದವು. ಬೆಲ್ಮೋರ್ ಎಂದರೆ ಕ್ಯಾಂಟರ್ಬರಿ ಬುಲ್‌ಡಾಗ್ಸ್ ಕ್ಲಬ್ಬಿನ ತವರು ಮೈದಾನ. ಅಪ್ಪಂದಿರು ಫ್ಯಾಕ್ಟರಿಗೆ ಹೋದರು, ಮಕ್ಕಳು ಮೈದಾನಕ್ಕೆ.

ಆ ಮಕ್ಕಳಲ್ಲಿ ಒಬ್ಬ ಹಾಜಿಮ್ ಎಲ್ ಮಸ್ರಿ. 1976ರಲ್ಲಿ ಲೆಬನಾನಿನ ಟ್ರಿಪೋಲಿ ನಗರದಲ್ಲಿ ಹುಟ್ಟಿ, 1988ರಲ್ಲಿ ಕುಟುಂಬದೊಡನೆ ಸಿಡ್ನಿಗೆ ಬಂದವನು. ಮುಂದೆ 1996ರಿಂದ 2009ರವರೆಗೆ ಬುಲ್‌ಡಾಗ್ಸ್‌ಗೇ ಆಡಿ 2,418 ಅಂಕ ಗಳಿಸಿದ. ಆಸ್ಟ್ರೇಲಿಯಾದ ಲೀಗ್‌ನಲ್ಲಿ ಆ ದಾಖಲೆ 2019ರವರೆಗೆ ಹಾಗೇ ಉಳಿದಿತ್ತು. ಅವನಿಗಿಂತ ಮುಂಚೆ ಅದೇ ಟ್ರಿಪೋಲಿಯಲ್ಲಿ ಹುಟ್ಟಿದ ಬೆನ್ನಿ ಎಲಿಯಾಸ್ ಬಾಲ್ಮೇನ್ ಕ್ಲಬ್ಬಿನ ನಾಯಕನಾಗಿ, ಆಸ್ಟ್ರೇಲಿಯಾ ತಂಡಕ್ಕೂ ಆಡಿದ್ದ. ಇವರೆಲ್ಲ ಆಸ್ಟ್ರೇಲಿಯಾದ ತಾರೆಗಳು. ಲೆಬನಾನ್ ಹೆಸರಿನಲ್ಲಿ ಒಂದು ತಂಡ ಇರಬಹುದು ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

1990ರ ದಶಕದ ಕೊನೆಗೆ ಸಿಡ್ನಿಯ ಲೆಬನೀಸ್ ಹುಡುಗರು ಅಂಥದ್ದೊಂದು ತಂಡ ಕಟ್ಟಿದರು. ‘ಸೀಡರ್ಸ್’ ಎಂದು ಕರೆದುಕೊಂಡರು. ಸೀಡರ್ ಎಂದರೆ ಲೆಬನಾನಿನ ಧ್ವಜದ ನಡುವೆ ಇರುವ ಹಸಿರು ಮರ, ನಮ್ಮ ಹಿಮಾಲಯದ ದೇವದಾರುವಿನ ಹತ್ತಿರದ ನೆಂಟ. ಆಗ ಲೆಬನಾನಿನ ನೆಲದಲ್ಲಿ ಈ ಆಟಕ್ಕೆ ಒಂದು ದೇಶೀಯ ಲೀಗ್ ಕೂಡ ಇರಲಿಲ್ಲ. ರಾಷ್ಟ್ರೀಯ ತಂಡ ಮೊದಲು ಹುಟ್ಟಿತು, ಆಟ ಆಮೇಲೆ ಬಂತು.

ಗೇಲಿ ಮತ್ತು ಒಂದು ಡ್ರಾ

2000ದ ವಿಶ್ವಕಪ್‌ಗೆ ಅರ್ಹತಾ ಪಂದ್ಯಗಳು ನಡೆದಾಗ ಈ ತಂಡ ಮೊರಾಕೊ, ಇಟಲಿ, ಅಮೆರಿಕ ಮೂರನ್ನೂ ಸೋಲಿಸಿ ಒಳಗೆ ಬಂತು. ವಿಶ್ವಕಪ್‌ನ ಮೊದಲ ಪಂದ್ಯ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ, ನ್ಯೂಜಿಲೆಂಡ್ ಎದುರು. 64-0ರ ಸೋಲು. ಎರಡನೆಯದರಲ್ಲಿ ವೇಲ್ಸ್ ಎದುರು 24-22ರಿಂದ ಕೈತಪ್ಪಿತು. ಮೂರನೆಯದರಲ್ಲಿ ಕುಕ್ ದ್ವೀಪಗಳ ತಂಡದೊಡನೆ 22-22ರ ಸಮ. ಮೂರು ಪಂದ್ಯ, ಒಂದು ಡ್ರಾ, ಮನೆಗೆ ವಾಪಸ್. ಮನೆ ಎಂದರೆ ಸಿಡ್ನಿ.

ಟೀಕಾಕಾರರಿಗೆ ಇಷ್ಟು ಸಾಕಾಯಿತು. ಇದು ಲೆಬನಾನ್ ಅಲ್ಲ, ಆಸ್ಟ್ರೇಲಿಯಾದ ‘ಬಿ’ ತಂಡ ಎಂಬ ಗೇಲಿ ಎದ್ದಿತು. ಗೇಲಿಯಲ್ಲಿ ನಿಜವೂ ಇತ್ತು. ರಗ್ಬಿ ಲೀಗ್ ನಿಯಮದ ಪ್ರಕಾರ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರು ಹುಟ್ಟಿದ ದೇಶಕ್ಕೂ ಆಡಬಹುದು. ಈ ನಿಯಮದ ನೆರಳಿನಲ್ಲಿ ಹಲವು ಸಣ್ಣ ದೇಶಗಳ ತಂಡಗಳು ಸಿಡ್ನಿಯ, ಉತ್ತರ ಇಂಗ್ಲೆಂಡಿನ ಹುಡುಗರಿಂದ ತುಂಬಿದ್ದವು.

ನಮ್ಮ ರಣಜಿ ಕ್ರಿಕೆಟ್ಟಿನಲ್ಲಿ ಅಜ್ಜನ ಊರಿಗೆ ಲೆಕ್ಕವಿಲ್ಲ. ಮಂಗಳೂರು ಮೂಲದ ಕುಟುಂಬದ ರವಿ ಶಾಸ್ತ್ರಿ ಹುಟ್ಟಿದ್ದು ಮುಂಬೈಯಲ್ಲಿ, ಆಡಿದ್ದೂ ಮುಂಬೈಗೆ. 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲ್‌ನಲ್ಲಿ ಕರ್ನಾಟಕ ಆರೇ ರನ್ನಿನಿಂದ ಮುಂಬೈಗೆ ಸೋತಾಗ, ಮುಂಬೈಯ ಎಷ್ಟೋ ಕನ್ನಡ ಮನೆಗಳಲ್ಲಿ ಅಪ್ಪ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಇದ್ದಿರಬೇಕು. ನಮ್ಮ ಮಕ್ಕಳಿಗೆ ಈ ಅಜ್ಜ-ಅಜ್ಜಿ ನಿಯಮ ಇದ್ದಿದ್ದರೆ ಅವರು ಯಾವ ಜೆರ್ಸಿ ಆಯ್ದುಕೊಳ್ಳುತ್ತಿದ್ದರು? ನನಗಂತೂ ಖಚಿತವಾಗಿ ಹೇಳಲಾಗದು.

ಸಿಡ್ನಿಯ ಹುಡುಗರಿಗೆ ಈ ಆಯ್ಕೆ ಬರೀ ಆಟದ ವಿಷಯವಾಗಿರಲಿಲ್ಲ. 2005ರ ಡಿಸೆಂಬರಿನಲ್ಲಿ ಸಿಡ್ನಿಯ ಕ್ರೊನುಲ್ಲಾ ಕಡಲತೀರದಲ್ಲಿ ಸಾವಿರಾರು ಜನರ ಗುಂಪು ಸೇರಿ, ಮಧ್ಯಪ್ರಾಚ್ಯದವರಂತೆ ಕಂಡವರನ್ನೆಲ್ಲ ಹುಡುಕಿ ಹೊಡೆಯಿತು. ಲೆಬನೀಸ್ ಯುವಕರೇ ಮುಖ್ಯ ಗುರಿ. ನಂತರದ ರಾತ್ರಿಗಳಲ್ಲಿ ಪ್ರತೀಕಾರವೂ ನಡೆಯಿತು. ‘ನಿಮ್ಮ ದೇಶಕ್ಕೆ ಹೋಗಿ’ ಎಂದರೆ ಸಿಡ್ನಿಯಲ್ಲೇ ಹುಟ್ಟಿದವನು ಎಲ್ಲಿಗೆ ಹೋಗಬೇಕು? 1960ರ ದಶಕದ ಕೊನೆಯಲ್ಲಿ ಮುಂಬೈಯ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳನ್ನು ಕಂಡ ಹಿರಿಯರು ಈ ಮಾತಿನ ಭಾರ ಬಲ್ಲರು. ಅಂಥ ಊರಿನಲ್ಲಿ ದೇವದಾರು ಇರುವ ಜೆರ್ಸಿ ತೊಡುವುದೆಂದರೆ, ಬೈಗುಳವಾಗಿ ಎಸೆದ ಹೆಸರನ್ನೇ ಎತ್ತಿಕೊಂಡು ಎದೆಯ ಮೇಲೆ ಹಾಕಿಕೊಂಡಂತೆ.

ಬೈರೂತಿಗೆ ಹೋದ ಚೆಂಡು

2000ದ ನಂತರ ಬೇರೆ ಕೆಲವು ವಲಸಿಗರ ತಂಡಗಳು ಮಾಡದ ಒಂದು ಕೆಲಸವನ್ನು ಲೆಬನೀಸರು ಮಾಡಿದರು. ಆಟವನ್ನು ಊರಿಗೆ ಒಯ್ದರು. 2002ರಲ್ಲಿ ಲೆಬನಾನಿನಲ್ಲೇ ಮೆಡಿಟರೇನಿಯನ್ ಕಪ್ ಪಂದ್ಯಾವಳಿ ನಡೆಯಿತು. ಎಲ್ ಮಸ್ರಿ ಹುಟ್ಟಿದ ಟ್ರಿಪೋಲಿಯಲ್ಲೇ ಲೆಬನಾನ್ ತಂಡ ಫ್ರಾನ್ಸನ್ನು ಸೋಲಿಸಿತು. ಅದೇ ಕಾಲಕ್ಕೆ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ತಂಡಗಳು ಹುಟ್ಟಿದವು. ಸಣ್ಣದೊಂದು ದೇಶೀಯ ಚಾಂಪಿಯನ್‌ಶಿಪ್ ಶುರುವಾಯಿತು, ಒಕ್ಕೂಟ ಸ್ಥಾಪನೆಯಾಯಿತು.

ಲೆಬನಾನಿನಲ್ಲಿ ಇದರ ಅರ್ಥವೇನೆಂದು ತಿಳಿಯಲು ಆ ದೇಶದ ಒಂದು ಸಂಗತಿ ಗೊತ್ತಿರಬೇಕು. ಅಲ್ಲಿ ರಾಷ್ಟ್ರಪತಿ ಮಾರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ ಎಂಬುದು ಸಂಪ್ರದಾಯ. ಯಾರ ಸಂಖ್ಯೆ ಎಷ್ಟು ಎಂಬ ಪ್ರಶ್ನೆ ಎಷ್ಟು ಸೂಕ್ಷ್ಮವೆಂದರೆ 1932ರ ನಂತರ ಜನಗಣತಿಯೇ ಆಗಿಲ್ಲ. ಅಂಥ ದೇಶದಲ್ಲಿ ಹೊಸ ಆಟವೊಂದಕ್ಕೆ ಇನ್ನೂ ಯಾವ ಪಂಗಡದ ಹಣೆಪಟ್ಟಿಯೂ ಅಂಟಿರಲಿಲ್ಲ. ಕ್ರೈಸ್ತನೂ ಮುಸ್ಲಿಮನೂ ಒಂದೇ ಸಾಲಿನಲ್ಲಿ ನಿಂತು ಟ್ಯಾಕಲ್ ಮಾಡಬಹುದಿತ್ತು. ಸಿಡ್ನಿಯ ತಂಡದಲ್ಲಿ ಅದು ಆಗಲೇ ನಡೆದಿತ್ತು.

ಆದರೆ ಬೆಳೆಸುವುದು ಸುಲಭವಿರಲಿಲ್ಲ. ಫುಟ್ಬಾಲ್, ಬಾಸ್ಕೆಟ್‌ಬಾಲ್ ಆಳುವ ದೇಶದಲ್ಲಿ ಇದಕ್ಕೆ ಮೈದಾನವೂ ಇಲ್ಲ, ಪ್ರಾಯೋಜಕರೂ ಇಲ್ಲ. 2006ರಲ್ಲಿ ಮತ್ತೆ ಯುದ್ಧ.

ಕೂದಲೆಳೆಯ ಹದಿನೇಳು ವರ್ಷ

ವಿಶ್ವಕಪ್‌ಗೆ ಮರಳಲು ಹದಿನೇಳು ವರ್ಷ ಹಿಡಿಯಿತು. 2008ರ ವಿಶ್ವಕಪ್‌ನ ಕೊನೆಯ ಸ್ಥಾನಕ್ಕಾಗಿ 2007ರ ನವೆಂಬರಿನಲ್ಲಿ ಇಂಗ್ಲೆಂಡಿನ ಫೆದರ್‌ಸ್ಟೋನ್‌ನಲ್ಲಿ ನಡೆದ ಪಂದ್ಯದಲ್ಲಿ ಸಮೋವಾ ಎದುರು 38-16ರ ಸೋಲು. 2013ರ ವಿಶ್ವಕಪ್‌ಗೆ 2011ರ ಅಕ್ಟೋಬರಿನಲ್ಲಿ ಬೆಲ್‌ಗ್ರೇಡ್‌ನಲ್ಲಿ ಇಟಲಿಯೊಡನೆ ನಿರ್ಣಾಯಕ ಪಂದ್ಯ. ಸ್ಕೋರ್ 19-19. ಅಂಕಗಳ ಅಂತರದ ಲೆಕ್ಕದಲ್ಲಿ ಇಟಲಿ ಮುಂದಿತ್ತು, ಇಟಲಿಯೇ ಹೋಯಿತು. ಈ ಆಟದಲ್ಲಿ ಓಡುತ್ತಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೊಡನೆ ಕಂಬಗಳ ನಡುವೆ ಒದ್ದರೆ ಒಂದು ಅಂಕ ಸಿಗುತ್ತದೆ. ಅಂಥ ಒಂದೇ ಒಂದು ಒದೆತ ಹೆಚ್ಚು ಬಿದ್ದಿದ್ದರೆ ಗೆಲುವೂ ವಿಶ್ವಕಪ್ಪೂ ಲೆಬನಾನಿನದಾಗುತ್ತಿತ್ತು.

ಕೊನೆಗೆ 2015ರಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ 2017ರ ವಿಶ್ವಕಪ್‌ಗೆ ಅರ್ಹತೆ ಪಡೆದರು. ನಾಯಕ ರಾಬಿ ಫರಾ, ಆಸ್ಟ್ರೇಲಿಯಾಕ್ಕೆ ಆಡಿ ಹೆಸರು ಮಾಡಿದವನು. ವೃತ್ತಿಜೀವನದ ಕೊನೆಯ ಹಂತದಲ್ಲಿ ಅಪ್ಪ-ಅಮ್ಮನ ದೇಶದ ಜೆರ್ಸಿ ತೊಟ್ಟ. ತರಬೇತುದಾರ ಬ್ರ್ಯಾಡ್ ಫಿಟ್ಲರ್, ಆಸ್ಟ್ರೇಲಿಯಾದ ಮಾಜಿ ನಾಯಕ. ಫ್ರಾನ್ಸ್ ಎದುರು ಗೆದ್ದ ಮೇಲೆ ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಸೋತರು. ಆದರೂ ಕ್ವಾರ್ಟರ್ ಫೈನಲ್ ತಲುಪಿದರು. ಅಲ್ಲಿ ಎದುರಾದದ್ದು ಟೋಂಗಾ, ಆ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನೇ ಮಣಿಸಿದ್ದ ತಂಡ. ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದ ಪಂದ್ಯದ ಅಂತಿಮ ಸ್ಕೋರ್ ಟೋಂಗಾ 24, ಲೆಬನಾನ್ 22. ಹದಿನೇಳು ವರ್ಷದ ಹಿಂದೆ ವೇಲ್ಸ್ ಎದುರು ಸೋತ ಅದೇ ಅಂಕೆ.

ಹಡರ್ಸ್‌ಫೀಲ್ಡ್

ಮುಂದಿನ ವಿಶ್ವಕಪ್ ಕೋವಿಡ್ ಕಾರಣದಿಂದ ಒಂದು ವರ್ಷ ತಡವಾಗಿ, 2022ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಆ ಹೊತ್ತಿಗೆ ಲೆಬನಾನ್ ನೆಲಕಚ್ಚಿತ್ತು. 2019ರಿಂದ ಆರ್ಥಿಕ ಕುಸಿತ, ಲೆಬನೀಸ್ ಪೌಂಡ್ ತನ್ನ ಬೆಲೆಯ ಶೇಕಡಾ 90ಕ್ಕೂ ಹೆಚ್ಚನ್ನು ಕಳೆದುಕೊಂಡಿತ್ತು. 2020ರ ಆಗಸ್ಟ್ 4ರ ಬಂದರು ಸ್ಫೋಟ ಬೈರೂತಿನ ಅರ್ಧವನ್ನೇ ನಡುಗಿಸಿತ್ತು. ಜನ ಬ್ಯಾಂಕಿನಲ್ಲಿಟ್ಟ ತಮ್ಮದೇ ಹಣ ತೆಗೆಯಲಾಗದೆ ನಿಂತಿದ್ದರು.

ಈ ಬಾರಿ ತರಬೇತುದಾರ ಮೈಕೆಲ್ ಚೈಕಾ, ಲೆಬನೀಸ್ ವಲಸಿಗರ ಮಗ, ಸಿಡ್ನಿಯವನು. ಅದೇ ಸಮಯದಲ್ಲಿ ಅರ್ಜೆಂಟೀನಾದ ರಗ್ಬಿ ಯೂನಿಯನ್ ತಂಡಕ್ಕೂ ಅವನೇ ಕೋಚ್. ಮೊದಲು ನ್ಯೂಜಿಲೆಂಡಿಗೆ ಸೋತ ಲೆಬನಾನ್, ಐರ್ಲೆಂಡನ್ನು 32-14ರಿಂದ, ಜಮೈಕಾವನ್ನು 74-12ರಿಂದ ಸೋಲಿಸಿ ಮತ್ತೆ ಕ್ವಾರ್ಟರ್ ಫೈನಲ್‌ಗೆ ಬಂತು. ಪಂದ್ಯ ಹಡರ್ಸ್‌ಫೀಲ್ಡ್‌ನಲ್ಲಿ, ಈ ಆಟ ಹುಟ್ಟಿದ ಅದೇ ಊರಿನಲ್ಲಿ. ಎದುರಾಳಿ ಆಸ್ಟ್ರೇಲಿಯಾ. ಸಿಡ್ನಿಯ ಕ್ಲಬ್ಬುಗಳಲ್ಲಿ ಜೊತೆಗೆ ಆಡುವವರೇ ಎದುರುಬದುರು. 48-4ರಿಂದ ಸೋತರು. ಎರಡು ದಿನಗಳ ನಂತರ ಚೈಕಾನ ಅರ್ಜೆಂಟೀನಾ ಲಂಡನ್ನಿನಲ್ಲಿ ಇಂಗ್ಲೆಂಡನ್ನು 30-29ರಿಂದ ಸೋಲಿಸಿತು. ಒಂದೇ ವಾರಾಂತ್ಯದಲ್ಲಿ ಎರಡು ಆಟ, ಎರಡು ದೇಶ, ಎರಡೂ ಅವನು ಹುಟ್ಟದ ದೇಶಗಳು.

ಹಾಗಾದರೆ ಸೀಡರ್ಸ್ ಯಾರ ತಂಡ? ಜೆರ್ಸಿಯ ಮೇಲೆ ಹಕ್ಕು ಹುಟ್ಟಿನಿಂದಲೇ ಬರಬೇಕೆಂದು ನಾನು ನಂಬುವುದಿಲ್ಲ. ಯುದ್ಧ ಓಡಿಸಿದವರ ಮೊಮ್ಮಕ್ಕಳಿಗೆ ಅಜ್ಜಿಯ ಊರಿನ ಹೆಸರು ಹೇಳುವ ಹಕ್ಕಿದೆ. ಆದರೆ ಹೆಸರು ಎತ್ತಿಕೊಂಡ ಮೇಲೆ ಊರಿಗೆ ಏನು ಕಳಿಸಿದಿರಿ ಎಂಬ ಪ್ರಶ್ನೆ ಉಳಿಯುತ್ತದೆ. ಚೆಂಡು ಹಿಡಿಯಲು ಬೈರೂತಿನ ವಿದ್ಯಾರ್ಥಿಗೆ ಕಲಿಸಿದ್ದು ನಿಜವಾದ ಕೊಡುಗೆ. ವಿಶ್ವಕಪ್ ತಂಡದಲ್ಲಿ ಅಂಥ ಹುಡುಗನಿಗೆ ಜಾಗ ಸಿಗುವುದು ಇನ್ನೂ ಅಪರೂಪ ಎಂಬುದು ಬಾಕಿ ಉಳಿದ ಸಾಲ. ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡಿ ಊರಿನ ಶಾಲೆಯನ್ನು ಮರೆಯುವ ನಮ್ಮ ಸಂಘಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಕ್ವಾರ್ಟರ್ ಫೈನಲ್ ತಲುಪಿದ್ದರಿಂದ 2026ರ ವಿಶ್ವಕಪ್‌ಗೆ ಲೆಬನಾನ್ ನೇರ ಅರ್ಹತೆ ಪಡೆದಿದೆ. ಈ ಬಾರಿ ಅರ್ಹತಾ ಪಂದ್ಯಗಳ ಕಾಟವಿಲ್ಲ. ಆತಿಥೇಯ ದೇಶ ಆಸ್ಟ್ರೇಲಿಯಾ. ಬೆಲ್ಮೋರಿನ ಅಜ್ಜಿಯರು ಪಂದ್ಯ ನೋಡಲು ವಿಮಾನ ಹತ್ತಬೇಕಿಲ್ಲ. ಬೈರೂತಿನವರು ಮಾತ್ರ ಟಿವಿಯಲ್ಲಿ ನೋಡುತ್ತಾರೆ, ಕರೆಂಟ್ ಇದ್ದರೆ.